ಸುಂಕದವರು ದುಃಖ ಕೇಳಲು ಬಂದ ವರ್ಷ

ಮೊನ್ನೆ ದೇವನಹಳ್ಳಿ ಹತ್ತಿರದ ವಿಜಯಪುರದ ಸಂತೆಗೆ ಹೋಗಿದ್ದೆ. ಬಸ್ಸಿಗೆ ಇನ್ನೂ ಹೊತ್ತಿತ್ತು. ಸುಮ್ಮನೆ ಹಿಂದಿನ ಬೀದಿಗೆ ಇಳಿದೆ. ಎರಡು ಮನೆ ದಾಟುವಷ್ಟರಲ್ಲಿ ಮೂಗಿಗೆ ಬಡಿಯಿತು ನೋಡಿ, ರೇಷ್ಮೆ ಗೂಡು ಬೇಯುವ ವಾಸನೆ. ಗೊತ್ತಿಲ್ಲದವರು ಮೂಗು ಮುಚ್ಚಿಕೊಂಡು ಓಡುತ್ತಾರೆ. ಗೂಡಿನೊಳಗಿನ ಹುಳು ಕುದಿನೀರಿನಲ್ಲಿ ಬೆಂದಾಗ ಬರುವ ಆ ನಾತ ಒಣಮೀನಿನದೂ ಅಲ್ಲ, ಹಳಸಿದ ಬೇಳೆಯದೂ ಅಲ್ಲ, ಎರಡನ್ನೂ ಕಲಸಿಟ್ಟ ಹಾಗೆ. ನಾನು ಮಾತ್ರ ಅಲ್ಲೇ ನಿಂತುಬಿಟ್ಟೆ. ಹಸಿವಾಯಿತು ಎಂದರೆ ನಗಬೇಡಿ. ನಮ್ಮ ಮನೆಯಲ್ಲಿ ಆ ವಾಸನೆ ಇದ್ದ ದಿನ ಊಟವಿರುತ್ತಿತ್ತು. ಅದು ನಿಂತುಹೋದ ವರ್ಷದ ಕತೆಯನ್ನು ಯಾರಿಗಾದರೂ ಹೇಳಲೇಬೇಕು ಅನ್ನಿಸಿ ಬಂದು ಕೂತಿದ್ದೇನೆ.

ಸ್ವಾತಂತ್ರ್ಯ ಬಂದು ಇನ್ನೂ ಹೆಚ್ಚು ಕಾಲವಾಗಿರಲಿಲ್ಲ. ನಮ್ಮ ಹಳ್ಳಿ ಬೂದಿಗೆರೆಗೆ ಹತ್ತಿರ. ಊರ ಸುತ್ತ ಹಿಪ್ಪುನೇರಳೆ ತೋಟ, ಮನೆ ಮನೆಯಲ್ಲೂ ಹುಳು ಸಾಕುವ ತಟ್ಟೆ, ಕೆಲವು ಮನೆಗಳ ಹಿತ್ತಲಲ್ಲಿ ಗೂಡಿನಿಂದ ನೂಲು ತೆಗೆಯುವ ಚರಕ. ಹಾಗೆ ಚರಕ ಇದ್ದ ಮನೆಗಳಲ್ಲಿ ನಮ್ಮದೂ ಒಂದು. ಆದರೆ ಚರಕ ನನ್ನದಲ್ಲ, ಅಪ್ಪನದೂ ಅಲ್ಲ. ಅದು ನಮ್ಮ ಗೌರಕ್ಕನದು.

ಗೌರಕ್ಕ ನನಗಿಂತ ಎಂಟು ಹತ್ತು ವರ್ಷಕ್ಕೆ ದೊಡ್ಡವಳು. ಮದುವೆಯಾಗಿ ಹೊಸಕೋಟೆ ಕಡೆಗೆ ಹೋದವಳು ಗಂಡ ಸತ್ತ ಮೇಲೆ ಒಂದು ಟ್ರಂಕು ಹಿಡಿದುಕೊಂಡು ತಿರುಗಿ ಬಂದಳು. ಬಂದ ಹೊಸದರಲ್ಲಿ ಅಡುಗೆಮನೆಯ ಮೂಲೆಯಲ್ಲಿ ಕೂತು, ಎಲ್ಲರ ಊಟವಾದ ಮೇಲೆ ತಾನು ತಿನ್ನುತ್ತಿದ್ದಳು. ಅಷ್ಟರಲ್ಲಿ ಯುದ್ಧ ಬಂತು. ಆಕಾಶದಿಂದ ಇಳಿಯುವ ಸಿಪಾಯಿಗಳ ಛತ್ರಿಗೆ ರೇಷ್ಮೆ ಬೇಕು, ನಮ್ಮ ಸೀಮೆಯಲ್ಲಿ ಎಷ್ಟು ನೂಲು ತೆಗೆದರೂ ಬೇಕು ಎಂದರು. ಅಕ್ಕ ತನ್ನ ಕಿವಿಯೋಲೆ ಮಾರಿ ಒಂದು ಚರಕ, ಒಂದು ಬಾಣಲೆ ತಂದಳು. ಹಿತ್ತಲಲ್ಲಿ ತಾನೇ ಮಣ್ಣು ಕಲಸಿ ಒಲೆ ಹಾಕಿದಳು. ಆಮೇಲೆ ಒಂದು ದಿನವೂ ಅವಳು ಕೊನೆಯಲ್ಲಿ ಉಂಡದ್ದನ್ನು ನಾನು ಕಾಣೆ.

"ನನ್ನ ಮುದ್ದೆ ನನ್ನ ಒಲೇಲಿ ಬೇಯುತ್ತೆ ಕಣವ್ವ, ಇನ್ಮೇಲೆ ನೀನು ನನ್ನ ನೋಡಿ ನಿಟ್ಟುಸಿರು ಬಿಡ್ಬೇಡ" ಎಂದು ಅವ್ವನಿಗೆ ಹೇಳಿದ್ದಳು.

ಚಕ್ರ ತಿರುಗಿಸಲು ಪಕ್ಕದ ಮನೆಯ ಪ್ಯಾರಿಬಿ ಬರುತ್ತಿದ್ದಳು. ಅಕ್ಕ ಬಾಣಲೆಯ ಮುಂದೆ ಕೂತು ಕುದಿಯುವ ಗೂಡುಗಳಿಂದ ಎಳೆ ಹಿಡಿಯುವುದು, ಪ್ಯಾರಿಬಿ ಹಿಂದೆ ನಿಂತು ಚಕ್ರ ತಿರುಗಿಸುವುದು. ಬಾಯಿ ಮಾತ್ರ ಇಬ್ಬರದೂ ಬಿಡುವಿಲ್ಲದೆ ನಡೆಯುತ್ತಿತ್ತು. ಆ ಹಿತ್ತಲಲ್ಲಿ ಆಗದ ಮಾತಿಲ್ಲ. ಊರಿನ ಮದುವೆಗಳು ಅಲ್ಲೇ ಕೂಡುತ್ತಿದ್ದವು, ಅಲ್ಲೇ ಮುರಿಯುತ್ತಿದ್ದವು.

ನಾನಾಗ ಇಪ್ಪತ್ತರ ಆಚೀಚೆ. ಓದು ಹೊಸಕೋಟೆಯಲ್ಲಿ ಅರ್ಧಕ್ಕೆ ನಿಂತಿತ್ತು. ಆದರೆ ಓದುವ ಹುಚ್ಚು ನಿಂತಿರಲಿಲ್ಲ. ಪೇಟೆಯಿಂದ ಸಾಮಾನು ಸುತ್ತಿ ಬಂದ ಪತ್ರಿಕೆಯ ಹಾಳೆ, ಹರಿದ ಒಂದು ಇಂಗ್ಲಿಷ್ ನಿಘಂಟು, ಇವೇ ನನ್ನ ಮೇಷ್ಟ್ರು. ನನಗೆ ಹಿಡಿದ ವಿಷಯವಾದರೂ ಯಾವುದು ಅಂತೀರಿ? ಆಮದು ಸುಂಕ! ಬಂದರಿನಲ್ಲಿ ಹಡಗು ನಿಂತ ಮೇಲೆ ಅದರ ಸರಕಿಗೆ ಎಷ್ಟು ಸುಂಕ, ಯಾಕೆ ಸುಂಕ, ಯಾರು ಬೇಡ ಅಂತಾರೆ, ಇದನ್ನು ನಾಟಕದ ಕತೆ ಓದುವ ಹಾಗೆ ಓದುತ್ತಿದ್ದೆ. ಕಡಲನ್ನೇ ನೋಡಿರದ ನನಗೆ ಮುಂಬಯಿ ಬಂದರಿನ ಸುದ್ದಿಯೆಲ್ಲ ಬಾಯಿಪಾಠ. ಪ್ಯಾರಿಬಿ ನನಗೆ 'ಸುಂಕದ ಸಾಹೇಬ' ಎಂದು ಹೆಸರಿಟ್ಟಿದ್ದಳು.

"ಏನ್ ಸಾಹೇಬ್ರೆ, ನಮ್ಮ ಕೋಳಿ ನಿಮ್ಮ ಬೇಲಿ ದಾಟಿ ಬಂದೈತೆ, ಸುಂಕ ಏನಾದ್ರೂ ಕಟ್ಬೇಕಾ?" ಅಂತ ಚಕ್ರ ತಿರುಗಿಸುತ್ತಲೇ ಕೇಳುವಳು.

ಆ ವರ್ಷ ಮುಂಗಾರು ಹೇಳಿ ಮಾಡಿಸಿದ ಹಾಗೆ ಬಂತು. ಧೋ ಎಂದು ಸುರಿಯಲಿಲ್ಲ, ಕೈಯೂ ಕೊಡಲಿಲ್ಲ. ದಿನವೂ ಸಂಜೆ ಮುಂದೆ ಸಣ್ಣಗೆ ಹನಿದು ಬೆಳಗಾಗುವಷ್ಟರಲ್ಲಿ ನೆಲ ಮೆತ್ತಗಾಗಿರುತ್ತಿತ್ತು. ಹಿಪ್ಪುನೇರಳೆ ಸೊಪ್ಪು ಕೈಯಗಲ ಬಂತು. ಹುಳು ನಾಲ್ಕು ಜ್ವರವನ್ನೂ ಒಂದೂ ರೋಗವಿಲ್ಲದೆ ದಾಟಿದವು. ಹುಳು ಪೊರೆ ಬಿಡುವ ಮುಂಚೆ ಮೇವು ಬಿಟ್ಟು ಮಲಗುತ್ತದಲ್ಲ, ಅದನ್ನೇ ನಾವು ಜ್ವರ ಅನ್ನುವುದು. ಗೂಡು ಕಟ್ಟಲೆಂದು ಹುಳು ಬಿಡುವ ಬಿದಿರ ಚಂದ್ರಿಕೆಗಳೆಲ್ಲ ಅಂಚಿನವರೆಗೂ ತುಂಬಿ, ಬಿದಿರ ದಬ್ಬೆಯೇ ಕಾಣುತ್ತಿರಲಿಲ್ಲ. ಇಂಥ ಬೆಳೆಯನ್ನು ಕಂಡು ಬಹಳ ವರ್ಷವಾಯಿತು ಎಂದು ಹಳಬರು ಹೇಳಿದರು. ಆ ಬೆಳೆಯನ್ನು ಕೊಳ್ಳುವವರೇ ಇರಲಿಲ್ಲ.

ಅದು ನಮಗೆ ಗೊತ್ತಾದದ್ದು ದೊಡ್ಡಬಳ್ಳಾಪುರದ ನರಸಿಂಹಯ್ಯನಿಂದ. ಆತ ನೇಕಾರ. ಮನೆಯಲ್ಲಿ ಮಗ್ಗಗಳನ್ನಿಟ್ಟುಕೊಂಡು ಸೀರೆ ನೇಯಿಸುತ್ತಿದ್ದ. ಯುದ್ಧ ಮುಗಿದ ಮೇಲೆ ಅಕ್ಕನ ನೂಲನ್ನೆಲ್ಲ ಆತನೇ ಒಯ್ಯುತ್ತಿದ್ದ. ಒಳ್ಳೆಯವನು. ಬಂದಾಗಲೆಲ್ಲ ಅವ್ವನಿಗೆ ಎಲೆ ಅಡಿಕೆ ತರುವವನು. ಆ ಸಲ ಬಂದವನು ಜಗಲಿಯ ತುದಿಯಲ್ಲೇ ಕೂತ. ಅಕ್ಕ ತಂದಿಟ್ಟ ನೂಲಿನ ಲಡಿಗಳನ್ನು ಮುಟ್ಟಲಿಲ್ಲ. ತನ್ನ ಚೀಲದಿಂದ ಬೇರೆ ಒಂದು ಲಡಿ ತೆಗೆದು ಅವಳ ಕೈಗೆ ಕೊಟ್ಟ.

"ನೋಡಮ್ಮ ಗೌರಮ್ಮ, ನೀನೇ ಹೇಳು. ನಾನು ಏನೂ ಹೇಳಲ್ಲ."

ಅಕ್ಕ ಅದನ್ನು ಬೆಳಕಿಗೆ ಹಿಡಿದಳು. ಎರಡು ಬೆರಳ ನಡುವೆ ಎಳೆಯನ್ನು ಓಡಿಸಿದಳು. ಮತ್ತೊಮ್ಮೆ ಓಡಿಸಿದಳು.

"ಎಲ್ಲೀದು?" ಎಂದಳು.

"ಜಪಾನಂತೆ. ಇಟಲೀದೂ ಬರ್ತಿದೆ, ಚೀನಾದೂ ಬರ್ತಿದೆ. ಹಡಗು ಹಡಗೇ ಬಂದು ಬೀಳ್ತಾ ಇದೆಯಂತೆ. ಬೆಂಗಳೂರು ಪೇಟೆಲಿ ಇವತ್ತು ಇದನ್ನ ಬಿಟ್ಟು ಬೇರೆ ಮಾತೇ ಇಲ್ಲ. ನಿಮ್ಮದಕ್ಕಿಂತ ಅಗ್ಗ ಬೇರೆ."

"ಇಷ್ಟು ವರ್ಷ ನಮ್ಮ ನೂಲು ನೇಯ್ದ್ರಲ್ಲ ನರಸಿಂಹಯ್ಯನೋರೆ. ಯಾವ ಸೀರೆ ಹರೀತು?"

"ಸೀರೆ ಹರೀಲಿಲ್ಲಮ್ಮ. ನೇಯೋವಾಗ ಎಳೆ ಹರಿಯುತ್ತಲ್ಲ, ಆಗ ನಮ್ಮ ಹೊಟ್ಟೆ ಹರಿಯುತ್ತೆ. ಒಂದು ಎಳೆ ಹರಿದ್ರೆ ಮಗ್ಗ ನಿಲ್ಲಿಸಿ ಕಟ್ಬೇಕು. ಪಕ್ಕದ ಮನೆಯವನು ಇದ್ರಲ್ಲಿ ನೇಯ್ದು ಎರಡು ಸೀರೆ ಮುಗಿಸೋ ಹೊತ್ತಿಗೆ ನಂದು ಒಂದು. ನಾನೇನ್ ಮಾಡ್ಲಿ? ನನ್ನ ಮಕ್ಕಳೂ ಉಣ್ಬೇಕಲ್ಲ?"

ಅಕ್ಕ ಜಗಳವಾಡಲಿಲ್ಲ. ಲಡಿಯನ್ನು ಹೇಗೆ ಮಡಿಸಿತ್ತೋ ಹಾಗೇ ಮಡಿಸಿ ವಾಪಸು ಕೊಟ್ಟಳು. ಆತ ಹೋಗುವಾಗ ಮಜ್ಜಿಗೆ ಕುಡಿದು ಹೋಗಿ ಎಂದೂ ಕೇಳಿದಳು. ಆತ ಬೇಡ ಎಂದ. ಅದೇ ಮೊದಲ ಸಲ ಬೇಡ ಎಂದದ್ದು.

ಗೂಡು ಹಾಗೇ ಮನೆಯಲ್ಲಿ ಉಳಿಯಿತು. ಮಳೆಗಾಲದ ಬಿಸಿಲಿಗೆ ಗೂಡಿನೊಳಗಿನ ಹುಳು ಸಾಯುವುದಿಲ್ಲ. ಬೇಗ ಬೇಯಿಸದಿದ್ದರೆ ಅದು ಚಿಟ್ಟೆಯಾಗಿ ಗೂಡನ್ನು ತೂತು ಮಾಡಿಕೊಂಡು ಹೊರಗೆ ಬರುತ್ತದೆ. ತೂತಾದ ಗೂಡಿನಿಂದ ನೂಲು ತೆಗೆಯಲಾಗದು. ನಮ್ಮ ಊರಿನ ತುಂಬ ಆ ದಿನಗಳಲ್ಲಿ ಬಿಳಿ ಚಿಟ್ಟೆಗಳು. ಹಾರಲು ಬರದ ಚಿಟ್ಟೆಗಳವು. ಗೋಡೆ ಮೇಲೆ, ಅನ್ನದ ತಟ್ಟೆಯ ಅಂಚಿನಲ್ಲಿ, ಮಲಗಿದ ಮಕ್ಕಳ ಕೂದಲಲ್ಲಿ ರೆಕ್ಕೆ ಬಡಿಯುತ್ತ ಕೂತಿರುತ್ತಿದ್ದವು. ಗುಡಿಸಿ ಗುಡಿಸಿ ಅವ್ವನಿಗೆ ಸಾಕಾಯಿತು. ಹಿತ್ತಲಿನ ಒಲೆ ಆರಿತು. ಪ್ಯಾರಿಬಿ ಒಂದೆರಡು ದಿನ ಅಭ್ಯಾಸಬಲದಿಂದ ಬಂದು, ಚಕ್ರದ ಪಕ್ಕ ಕೂತು ಎಲೆ ಹಾಕಿಕೊಂಡು ಹೋದಳು. ಆಮೇಲೆ ಅವಳೂ ಬರಲಿಲ್ಲ.

ಅಕ್ಕ ಮತ್ತೆ ಅಡುಗೆಮನೆಯ ಮೂಲೆಗೆ ಬಂದಳು. ಯಾರೂ ಅಲ್ಲಿ ಕೂರು ಎಂದು ಹೇಳಿರಲಿಲ್ಲ. ಅಪ್ಪನೂ ಅವ್ವನೂ ಅವಳಿಗೆ ಒಂದು ಮಾತೂ ಅಂದವರಲ್ಲ. ಆದರೂ ಅವಳು ಎಲ್ಲರದೂ ಆದ ಮೇಲೆ ಉಣ್ಣತೊಡಗಿದಳು. ಅದನ್ನು ನೋಡಲು ನನಗೆ ಆಗುತ್ತಿರಲಿಲ್ಲ.

ಆಗಲೇ ಪತ್ರಿಕೆಯ ಹಾಳೆಯೊಂದರಲ್ಲಿ ಆ ಸುದ್ದಿ ಕಂಡದ್ದು. ಓದಿದವನು ಕುಣಿದುಬಿಟ್ಟೆ. ಹೊರಗಿನ ರೇಷ್ಮೆಗೆ ಹೆಚ್ಚಿನ ಸುಂಕ ಹಾಕಬೇಕೇ ಬೇಡವೇ ಎಂದು ವಿಚಾರಣೆ ನಡೆಯುವುದು, ಅದಕ್ಕೆ ನೇಮಿಸಿದ ಅಧಿಕಾರಿಗಳು ಮೈಸೂರು ಸೀಮೆಯ ರೇಷ್ಮೆ ಹಳ್ಳಿಗಳಿಗೆ ತಾವೇ ಬಂದು ನೋಡುವರು ಎಂದಿತ್ತು. ಹಿತ್ತಲಿಗೆ ಓಡಿದೆ.

"ಅಕ್ಕಾ, ಸುಂಕ ಹಾಕಿದ್ರೆ ಆ ನೂಲು ನಮ್ಮದಕ್ಕಿಂತ ತುಟ್ಟಿ ಆಗುತ್ತೆ. ನರಸಿಂಹಯ್ಯ ತಿರುಗಿ ನಿನ್ನ ಹತ್ರಾನೇ ಬರ್ತಾನೆ!"

"ಹಾಕೋಕೆ ಇನ್ನೇನು ತಡ? ನಮ್ಮದೇ ಸರ್ಕಾರ ಅಲ್ವಾ ಈಗ?"

ಅಲ್ಲೇ ಇತ್ತು ತೊಡಕು. ನಾನು ಅದನ್ನೂ ಓದಿಕೊಂಡಿದ್ದೆ. ಕಡಲಾಚೆಯ ಜಿನೀವಾ ಎಂಬ ಊರಿನಲ್ಲಿ ಹಲವು ದೇಶಗಳವರು ಕೂತು ಒಂದು ಒಪ್ಪಂದ ಮಾಡಿಕೊಂಡಿದ್ದರು. ನಮ್ಮ ದೇಶವೂ ಅದರಲ್ಲಿತ್ತು. ಅಕ್ಕನಿಗೆ ಅದನ್ನು ನಮ್ಮ ಕೆರೆಯ ಲೆಕ್ಕದಲ್ಲಿ ಹೇಳಿದೆ. ಒಂದೇ ಕಾಲುವೆಯ ನೀರನ್ನು ನಾಲ್ಕು ಊರಿನವರು ಹಂಚಿಕೊಳ್ಳುತ್ತಾರೆ ಎನ್ನು. ನೀರು ಹೆಚ್ಚಾಯಿತೆಂದು ನಮ್ಮ ತೂಬನ್ನು ನಮಗಿಷ್ಟ ಬಂದಾಗ ಮುಚ್ಚುವ ಹಾಗಿಲ್ಲ. ಮುಚ್ಚಲೇಬೇಕಾದರೆ ಉಳಿದ ಊರಿನವರಿಗೆ ಹೇಳಿ ಕಳಿಸಬೇಕು. ಅವರು ಬಂದು ಕೇಳುತ್ತಾರೆ: ನೀರು ನಿಜವಾಗಿ ನಿಮ್ಮ ಗದ್ದೆಗೆ ನುಗ್ಗಿತೇ? ನಿಮ್ಮ ಪೈರು ನಿಜವಾಗಿ ಕೊಳೆಯಿತೇ? ತೋರಿಸಿ. ತೋರಿಸಿದರೆ ಸರಿ, ಸ್ವಲ್ಪ ಕಾಲ ಮುಚ್ಚಿಕೊಳ್ಳಿ. ತೋರಿಸದೆ ಮುಚ್ಚಿದರೆ ಅವರೂ ತಮ್ಮ ತೂಬು ಮುಚ್ಚುತ್ತಾರೆ.

"ಅಂದ್ರೆ ಕೊಳೆತ ಪೈರು ತೋರಿಸ್ಬೇಕು" ಎಂದಳು ಅಕ್ಕ.

"ಅಷ್ಟೇ ಕಣಕ್ಕಾ. ಆರಿದ ಒಲೆ ತೋರಿಸ್ಬೇಕು. ಅಷ್ಟು ತೋರಿಸಿದ್ರೆ ಸಾಕು."

ಅವಳು ಒಲೆಯ ಕಡೆ ತಿರುಗಿ ನೋಡಿದಳು.

ನಮ್ಮ ಊರಿಗೂ ಬರುತ್ತಾರೆ ಎಂದು ಅಮಲ್ದಾರರ ಕಚೇರಿಯಿಂದ ಹೇಳಿ ಕಳಿಸಿದ ದಿನ ಪಟೇಲ ಮುನಿಶಾಮಪ್ಪನವರ ಜಗಲಿಯಲ್ಲಿ ಊರೇ ಸೇರಿತು. ಪಟೇಲರು ಹೇಳಿದ್ದು ಚುಟುಕಾಗಿತ್ತು. ಅಧಿಕಾರಿಗಳು ಬರುವ ದಿನ ಊರಿನ ಎಲ್ಲ ಒಲೆ ಉರಿಯಬೇಕು, ಎಲ್ಲ ಚರಕ ತಿರುಗಬೇಕು. ಗೂಡು ಇಲ್ಲದವರಿಗೆ ತಾವೇ ಬೂದಿಗೆರೆಯಿಂದ ತರಿಸಿಕೊಡುವುದಾಗಿ ಹೇಳಿದರು.

ಅವರಿಗೆ ಬುದ್ಧಿ ಇರಲಿಲ್ಲ ಎಂದು ತಿಳಿಯಬೇಡಿ. ಯುದ್ಧ ನಡೆದಷ್ಟು ಕಾಲ ನಮಗೆ ಕಲಿಸಿದ್ದೇ ಅದನ್ನು. ಆಗ ತಪಾಸಣೆಯವರು ಹೇಳದೆ ಕೇಳದೆ ಬರುವರು. ಒಲೆ ಆರಿದ್ದ ಮನೆಗೆ ಗೂಡಿನ ಪಾಲು ಕಡಿತ, ಸೌದೆಯ ಪಾಲು ಕಡಿತ. ನಾಲ್ಕು ಒಲೆ ಆರಿದ್ದ ಊರಿಗೆ ಹುಳುವಿನ ಮೊಟ್ಟೆಯೇ ತಡ. ಜೀಪಿನ ಸದ್ದು ಕೇಳಿದರೆ ಸಾಕು, ಗೂಡಿಲ್ಲದಿದ್ದರೂ ಬರಿ ನೀರಿಟ್ಟು ಬೆಂಕಿ ಹಚ್ಚಿ ಕೂರುವುದನ್ನು ನಮ್ಮ ಹೆಂಗಸರು ಕಲಿತಿದ್ದರು. ಹಾಗೆ ಮಾಡಿಯೇ ಊರು ಉಳಿದಿತ್ತು.

ನಾನು ಎದ್ದು ನಿಂತೆ. "ಗೌಡ್ರೆ, ಇವರು ಆ ತಪಾಸಣೆಯೋರಲ್ಲ. ಇವರು ನಮಗೆ ಪೆಟ್ಟು ಬಿದ್ದಿದೆಯೋ ಇಲ್ವೋ ಅಂತ ನೋಡೋಕೆ ಬರ್ತಿರೋರು. ಪೆಟ್ಟು ಬಿದ್ದಿದ್ರೆ ತಾನೇ ಹೊರಗಿನ ದೇಶದೋರಿಗೆ ಹೇಳೋಕಾಗೋದು? ಆರಿದ ಒಲೆ ತೋರಿಸೋಣ."

"ಏನ್ಲಾ ನಂಜಪ್ಪ, ಆರಿದ ಒಲೆ ತೋರ್ಸಿ ಯಾರಾದ್ರೂ ಉದ್ಧಾರ ಆಗಿದ್ದು ನೋಡಿದ್ದೀಯಾ?" ಎಂದರು ಪಟೇಲರು. "ಸುಂಕದವನ ಮುಂದೆ ಸುಖದುಃಖ ಹೇಳ್ಕೊಂಡ್ರೆ ಏನ್ ಬಂತು ಅಂತ ನಿಮ್ಮಜ್ಜ ನಿಂಗೆ ಹೇಳ್ಕೊಟ್ಟಿಲ್ವಾ? ಸತ್ತೋದ ಊರು ಅಂತ ಬರ್ಕೊಂಡು ಹೋದ್ರೆ ನಾಳೆ ಮೊಟ್ಟೆ ಕೊಡೋನ್ಯಾವನು? ನಿಮ್ಮ ಊರಿಗೆ ಹೆಣ್ಣು ಕೊಡೋನ್ಯಾವನು?"

ಜನ ನಕ್ಕರು. ಆ ಗಾದೆ ನನಗೂ ಗೊತ್ತಿತ್ತು. ಲೋಕ ಹುಟ್ಟಿದಾಗಿನಿಂದ ಇದೊಂದೇ ಸಲ ಸುಂಕದವರು ದುಃಖ ಕೇಳಿಕೊಂಡೇ ಬರುತ್ತಿದ್ದಾರೆ ಎಂದು ಕೂಗಿ ಹೇಳಿದೆ. ಇನ್ನೂ ಜೋರಾಗಿ ನಕ್ಕರು. "ಸಾಹೇಬ್ರು ಪೇಪರ್ ಜಾಸ್ತಿ ಓದವ್ರೆ" ಎಂದರು ಯಾರೋ. ಅಷ್ಟಕ್ಕೆ ಸಭೆ ಮುಗಿಯಿತು.

ಮುಂದಿನ ದಿನಗಳಲ್ಲಿ ಗಾಡಿಗಳಲ್ಲಿ ಗೂಡು ಬಂದವು. ಪಟೇಲರು ತಮ್ಮ ಕೈಯಿಂದ ದುಡ್ಡು ಹಾಕಿ ತರಿಸಿದ್ದರು, ಅದನ್ನು ಮರೆಯಬಾರದು. ಸುಣ್ಣ ಬಳಿದರು, ತಟ್ಟೆಗಳಿಗೆ ಸಗಣಿ ಸಾರಿಸಿದರು. ತೂತಾದ ಗೂಡುಗಳನ್ನೆಲ್ಲ ತಿಪ್ಪೆಯ ಹಿಂದೆ ಗುಂಡಿ ತೋಡಿ ಹೂತರು. ನಮಗೆ ಬಿದ್ದ ಪೆಟ್ಟಿಗೆ ಇದ್ದ ಸಾಕ್ಷಿ ಅದೊಂದೇ, ಅದನ್ನೂ ಮಣ್ಣು ಮಾಡಿದರು.

ಅಕ್ಕನಾದರೂ ಕೇಳಿಯಾಳು ಎಂದುಕೊಂಡಿದ್ದೆ. ಸಂಜೆ ನೋಡಿದರೆ ಅವಳು ಹುಣಿಸೆಹಣ್ಣು ಹಚ್ಚಿ ಬಾಣಲೆ ಉಜ್ಜುತ್ತಿದ್ದಳು.

"ಅಕ್ಕಾ, ನೀನೊಬ್ಳಾದ್ರೂ ಹಚ್ಬೇಡ. ಒಂದೇ ಒಂದು ಒಲೆ ಆರಿರ್ಲಿ. ನಾನು ಅವರನ್ನ ಅಲ್ಲಿಗೆ ಕರ್ಕೊಂಡು ಬರ್ತೀನಿ."

"ಊರಿನ ಎಲ್ಲಾ ಒಲೆ ಉರೀತಿರ್ಬೇಕು, ನನ್ನದೊಂದು ಆರಿರ್ಬೇಕು. ಗಂಡನ್ನ ಕಳ್ಕೊಂಡೋಳ ಒಲೆ ಆರಿದೆ ಅಂತ ಎಲ್ಲಾರೂ ಬಂದು ನೋಡ್ಬೇಕು. ಅಲ್ವೇನೋ?"

"ಅದಲ್ಲ ಅಕ್ಕಾ..."

"ಅದೇ ಕಣೋ. ನಿನ್ನ ಪೇಪರ್‌ನೋರಿಗೆ ಅದು ಬೇರೆ ಥರ ಕಾಣ್ಬಹುದು. ಪ್ಯಾರಿಬಿಗೆ ಬರೋಕೆ ಹೇಳು, ಹೋಗು."

ಬೆಳಗ್ಗೆ ಬಿಸಿಲೇರುವ ಹೊತ್ತಿಗೆ ಎರಡು ಕಾರು ಬಂದವು. ಬಂದವರಲ್ಲಿ ಹಿರಿಯರು ಕನ್ನಡದವರೇ. ಬಿಳಿ ಮೀಸೆ, ಖಾದಿ ಕೋಟು. ಕೆಸರಿಗೆ ಹೆದರದೆ ಮನೆ ಮನೆಗೆ ನಡೆದರು, ಪ್ರತಿ ಹಿತ್ತಲಿಗೂ ಬಗ್ಗಿ ಹೋದರು. ಎಲ್ಲೆಲ್ಲೂ ಹೊಗೆ, ಎಲ್ಲೆಲ್ಲೂ ಚಕ್ರದ ಸದ್ದು. ಅಷ್ಟು ದಿನದ ಮೇಲೆ ಆ ಸದ್ದು ಕೇಳಿ ನನಗೇ ಮೈ ಜುಮ್ಮೆಂದಿತು. ಇನ್ನು ಅವರಿಗೆ ಹೇಗೆ ಕಂಡಿತೋ ನೀವೇ ಊಹಿಸಿ.

ನಮ್ಮ ಹಿತ್ತಲಿಗೆ ಬಂದಾಗ ಅಕ್ಕ ಒಗೆದ ಸೀರೆ ಉಟ್ಟು ಬಾಣಲೆಯ ಮುಂದೆ ಕೂತಿದ್ದಳು. ಎಳೆ ಒಂದೂ ತಪ್ಪದೆ ಮೇಲೇರುತ್ತಿತ್ತು. ಹಿರಿಯರು ಬಗ್ಗಿ ನೋಡಿದರು.

"ಒಳ್ಳೆ ಕೈ ಇದೆಯಮ್ಮ ನಿನಗೆ. ಕೆಲಸ ಹೇಗೆ ನಡೀತಿದೆ?"

ನಮ್ಮಲ್ಲಿ ಒಂದು ಮಾತಿದೆ. ಹುಳು ಮೇಯುವ ಮನೆಯಲ್ಲಿ, ಗೂಡು ಬೇಯುವ ಬಾಣಲೆಯ ಮುಂದೆ, 'ಹಾಳಾಯಿತು' ಎನ್ನಬಾರದು. ಅಂದರೆ ಮುಂದಿನ ಬೆಳೆಗೆ ತಟ್ಟುತ್ತದೆ. ಹುಳುವೆಲ್ಲ ಸತ್ತು ಬಿದ್ದಿದ್ದರೂ ಹೊರಗಿನವರು ಕೇಳಿದಾಗ 'ಚೆನ್ನಾಗಿದೆ' ಎಂದೇ ಹೇಳುವುದು.

"ದೇವರ ದಯೆ ಸ್ವಾಮಿ, ಚೆನ್ನಾಗಿದೆ" ಎಂದಳು ಅಕ್ಕ.

ನನ್ನಿಂದ ತಡೆಯಲಾಗಲಿಲ್ಲ. ಮುಂದೆ ನುಗ್ಗಿದೆ. "ಸಾರ್, ಈ ಒಲೆ ತಿಂಗಳುಗಟ್ಟಲೆ ಆರಿತ್ತು. ನಿನ್ನೆ ಸಂಜೆ ಈ ಬಾಣಲೆ ತೊಳೆದದ್ದು. ಹೊರಗಿನ ನೂಲು ಬಂದು ನಮ್ಮನ್ನ ಮುಳುಗಿಸ್ತು ಸಾರ್. ಊರೆಲ್ಲ ಹೀಗೇ" ಎಂದು ಒಂದೇ ಉಸಿರಿಗೆ ಹೇಳಿಬಿಟ್ಟೆ. ಒಪ್ಪಂದದ ಮಾತು, ತೋರಿಸಬೇಕಾದ ಪೆಟ್ಟಿನ ಮಾತು, ನನಗೆ ಗೊತ್ತಿದ್ದ ಇಂಗ್ಲಿಷ್ ಪದಗಳು, ಎಲ್ಲವನ್ನೂ ಸುರಿದೆ.

ಅವರು ಸಿಟ್ಟಾಗಲಿಲ್ಲ. ಪೂರ್ತಿ ಕೇಳಿದರು. ಆಮೇಲೆ ಬಾಣಲೆಯ ಪಕ್ಕದಲ್ಲೇ ಕುಕ್ಕರುಗಾಲಿನಲ್ಲಿ ಕೂತು ಅಕ್ಕನನ್ನೇ ಕೇಳಿದರು.

"ಈತ ಹೇಳ್ತಿರೋದು ನಿಜವೇನಮ್ಮ? ಹೆದರಬೇಡ. ನಿಮಗೆ ಕಷ್ಟ ಇದೆ ಅಂತ ನೀವೇ ಹೇಳಿದ್ರೆ ನಾನು ಮುಂದೆ ಹೇಳಬಹುದು. ನಿನ್ನ ಒಲೆ ಆರಿತ್ತೇ?"

ಚಕ್ರ ನಿಂತಿತು. ಪ್ಯಾರಿಬಿ ಹಿಡಿಯನ್ನು ಹಿಡಿದುಕೊಂಡೇ ನಿಂತಿದ್ದಳು. ಪಟೇಲರು ಬಾಗಿಲಲ್ಲಿದ್ದರು. ಅವರ ಹಿಂದೆ ಬೇಲಿಯುದ್ದಕ್ಕೂ ಊರಿನವರ ತಲೆಗಳು. ನಾನು ಅಕ್ಕನ ಮುಖವನ್ನೇ ನೋಡುತ್ತಿದ್ದೆ. ಅವಳು ಒಮ್ಮೆ ಅವ್ವನ ಕಡೆ ನೋಡಿದಳು, ಒಮ್ಮೆ ಬೇಲಿಯ ಕಡೆ. ಬಾಯಿ ತೆರೆದಳು, ಹೇಳಿಯೇಬಿಡುತ್ತಾಳೆ ಎಂದು ನನಗನ್ನಿಸಿತು.

"ಇವನು ನನ್ನ ತಮ್ಮ ಸ್ವಾಮಿ. ಓದೋ ಹುಚ್ಚು. ಓದಿದ್ದನ್ನೆಲ್ಲ ನಿಜ ಅಂತಾನೆ. ಒಲೆ ನಿಮ್ಮ ಕಣ್ಮುಂದೇನೇ ಇದೆಯಲ್ಲ."

ಪ್ಯಾರಿಬಿ ಚಕ್ರ ತಿರುಗಿಸಿದಳು.

ಹಿರಿಯರು ಎದ್ದು ಕೋಟಿನ ಮಸಿ ಒರೆಸಿಕೊಂಡರು. ಕಾರಿನವರೆಗೂ ನಾನು ಹಿಂದೆ ಹಿಂದೆ ಹೋದೆ. ಕಾರಿನ ಬಾಗಿಲು ಹಿಡಿದು ಅವರು ಹೇಳಿದ್ದು ನನಗೆ ಈಗಲೂ ಹಾಗೇ ಕೇಳುತ್ತದೆ.

"ನೀನು ಹೇಳಿದ್ದು ಸುಳ್ಳು ಅಂತ ನಾನು ಅಂದ್ಕೊಂಡಿಲ್ಲಪ್ಪ. ಆದರೆ ನಾಳೆ ಹೊರದೇಶದೋರು ನಮ್ಮನ್ನ ಕೇಳ್ತಾರೆ, ನೀವು ಹೋಗಿ ಏನು ನೋಡಿದಿರಿ ಅಂತ. ನಾನು ನೋಡಿದ್ದನ್ನ ಬಿಟ್ಟು ಬೇರೆ ಹೇಳೋಕಾಗುತ್ತಾ?"

ಕಾರು ಹೋಯಿತು. ಪಟೇಲರು ಎಲ್ಲರಿಗೂ ಪಾನಕ ಕೊಡಿಸಿದರು. ಊರಿನ ಮಾನ ಉಳಿಯಿತು ಎಂದು ಹೆಂಗಸರು ಹೇಳಿಕೊಂಡರು. ತಂದ ಗೂಡು ಮುಗಿಯುವವರೆಗೆ ಒಲೆಗಳು ಉರಿದವು, ಆಮೇಲೆ ಒಂದೊಂದಾಗಿ ಆರಿದವು. ತೆಗೆದ ನೂಲನ್ನು ಕೊಳ್ಳಲು ಯಾರೂ ಬರಲಿಲ್ಲ.

ಹಿಂಗಾರಿನ ಮೋಡ ಬಂದಾಗ ಪಟೇಲರೇ ಮೊದಲು ತಮ್ಮ ಹಿಪ್ಪುನೇರಳೆ ತೋಟಕ್ಕೆ ಗುದ್ದಲಿ ಹಾಕಿದರು. ಬೇರು ಆಳಕ್ಕೆ ಇಳಿದಿತ್ತು. ಕೀಳುವಾಗ ಆಳುಗಳು ಬಯ್ಯುತ್ತಿದ್ದರು. ಪಟೇಲರು ಬದುವಿನ ಮೇಲೆ ಕೂತು ಯಾರ ಕಡೆಯೂ ನೋಡದೆ ಇದ್ದರು. ನಾನು ಆ ದಾರಿಯಲ್ಲಿ ಬಂದಾಗ ಕರೆದರು.

"ಲೋ ನಂಜಪ್ಪ, ಆವತ್ತು ನೀನು ಹೇಳಿದ ಹಾಗೆ ಮಾಡಿದ್ರೆ ಸುಂಕ ಹಾಕ್ತಿದ್ರೇನೋ?"

"ಗೊತ್ತಿಲ್ಲ ಗೌಡ್ರೆ" ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ. ನಮ್ಮದೊಂದೇ ಊರು ನೋಡಿ ತೀರ್ಮಾನ ಮಾಡುತ್ತಿದ್ದರೇ? ಇರಲಾರದು. ಆದರೆ ಅವರು ನೋಡಿಹೋದ ಉಳಿದ ಊರುಗಳಲ್ಲೂ ನಮ್ಮಂಥ ಪಟೇಲರು, ನಮ್ಮಕ್ಕನಂಥವರು ಇದ್ದಿರಲಿಕ್ಕಿಲ್ಲವೇ?

"ಗೊತ್ತಿಲ್ಲ ಅಂತೀಯ" ಎಂದು ಅವರು ಮಣ್ಣಿನ ಹೆಂಟೆಯೊಂದನ್ನು ಕೈಯಲ್ಲಿ ಪುಡಿ ಮಾಡಿದರು. "ನೀನು ಹೌದು ಅಂದ್ಬಿಟ್ಟಿದ್ರೆ ನಾನು ಏನ್ ಮಾಡ್ತಿದ್ನೋ."

ಚಳಿ ಶುರುವಾದಾಗ ನರಸಿಂಹಯ್ಯ ಬಂದ, ಬರಿಗೈಯಲ್ಲಿ. ತಮ್ಮ ಮನೆಯಲ್ಲಿ ಕಂಡಿಕೆ ಸುತ್ತಲು, ಅಂದರೆ ಮಗ್ಗದ ಲಾಳಿಗೆ ನೂಲು ಸುತ್ತಿಕೊಡಲು, ಕೈ ಬಲ್ಲವರು ಬೇಕು, ಗೌರಮ್ಮ ಬರುವುದಾದರೆ ಹೆಂಡತಿಯ ಜೊತೆ ಒಳಗೇ ಇರಬಹುದು, ಊಟ ತಿಂಡಿ ಎಲ್ಲ ಮನೆಯಲ್ಲೇ ಎಂದ. ಅಪ್ಪ ಬೇಡವೆಂದರು. ಅವ್ವ ಅತ್ತಳು. ಅಕ್ಕ ಟ್ರಂಕು ತೆಗೆದಳು.

"ಅಲ್ಲಿ ಹೋಗಿ ಆ ನೂಲನ್ನೇ ಸುತ್ತೋದಲ್ವೇನಕ್ಕಾ" ಎಂದೆ ನಾನು.

"ಯಾವ ನೂಲಾದ್ರೇನೋ. ಕೈ ಸುಮ್ನಿದ್ರೆ ತಲೆ ಕೆಡುತ್ತೆ."

ಇದ್ದಿಲಿನಿಂದ ಓಡುತ್ತಿದ್ದ ಬಸ್ಸಿನಲ್ಲಿ ದೇವನಹಳ್ಳಿಗೆ, ಅಲ್ಲಿಂದ ಇನ್ನೊಂದರಲ್ಲಿ ದೊಡ್ಡಬಳ್ಳಾಪುರಕ್ಕೆ ನಾನೇ ಅವಳನ್ನು ಬಿಟ್ಟುಬಂದೆ. ಬೀದಿಯುದ್ದಕ್ಕೂ ಮಗ್ಗದ ಸದ್ದು. ಆ ಊರಿಗೆ ಆಗ ಕೈ ತುಂಬ ಕೆಲಸ. ಎಲ್ಲರ ಮುಖದಲ್ಲೂ ಗೆಲುವಿತ್ತು. ಅವರ ಮೇಲೆ ಕೋಪ ಮಾಡಿಕೊಳ್ಳಲು ನೋಡಿದೆ, ಬರಲಿಲ್ಲ.

ಸುಂಕ ಆಮೇಲೆ ಏರಿತು. ಯಾರ ಮಾತು ಕೇಳಿ ಏರಿಸಿದರೋ, ಯಾವ ಊರಿನವರು ತಮ್ಮ ಒಲೆ ತೋರಿಸಿದರೋ, ನನಗೆ ತಿಳಿಯದು. ಪತ್ರಿಕೆಯಲ್ಲಿ ಓದಿದ ದಿನವೇ ಹಾಳೆಯನ್ನು ಜೇಬಿಗೆ ತುರುಕಿಕೊಂಡು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಲೆಕ್ಕ ಹಾಕಿದೆ: ಹಿತ್ತಲಿನ ಒಲೆಗೆ ಹೊಸ ಮಣ್ಣು ಹಾಕಬೇಕು, ಪ್ಯಾರಿಬಿಗೆ ಹೇಳಬೇಕು. ಊರಿನಲ್ಲಿ ಹಿಪ್ಪುನೇರಳೆ ಗಿಡವೇ ಉಳಿದಿಲ್ಲ ಎಂಬುದು ಆ ಸಂಭ್ರಮದಲ್ಲಿ ತಲೆಗೇ ಬರಲಿಲ್ಲ.

ಅಕ್ಕ ನಡುಮನೆಯಲ್ಲಿ ರಾಟೆಯ ಮುಂದೆ ಕೂತಿದ್ದಳು. ಹತ್ತಿರ ಹೋದಾಗ ಅವಳ ಕೈ ಕಂಡಿತು. ನೂಲು ತೆಗೆಯುವವರ ಬೆರಳು ಕುದಿನೀರಿಗೆ ಬೆಂದು ಸದಾ ಬೆಳ್ಳಗೆ ನೆನೆದು ಸುಲಿದಿರುತ್ತವೆ. ಅಕ್ಕನ ಕೈಯನ್ನು ನಾನು ಬೇರೆ ಥರ ನೋಡಿಯೇ ಇರಲಿಲ್ಲ. ಈಗ ಅವು ವಾಸಿಯಾಗಿದ್ದವು. ನಯವಾಗಿ, ಹೊಸದಾಗಿ ಮದುವೆಯಾದ ಹುಡುಗಿಯ ಕೈಯ ಹಾಗೆ ಇದ್ದವು. ನಾನು ನೋಡಿದ್ದನ್ನು ಅವಳು ಕಂಡಳು. ಸೆರಗಿನೊಳಗೆ ಎಳೆದುಕೊಂಡಳು.

"ಅಕ್ಕಾ, ಸುಂಕ ಏರಿಸಿದ್ರು!"

ಅವಳ ಕೈ ಮತ್ತೆ ಹೊರಗೆ ಬಂತು. ಪಕ್ಕದಲ್ಲಿದ್ದ ಲಡಿಯನ್ನು ಎತ್ತಿ ಕೇಳಿದಳು.

"ಇದಕ್ಕಾ?"

"ಇದಕ್ಕೇ ಕಣಕ್ಕಾ. ಇನ್ನು ಇದನ್ನ ಕೊಳ್ಳೋಕೆ ಇವರ ಕೈಲಿ ಆಗಲ್ಲ."

ಅವಳು ಒಳಗೆ ತಿರುಗಿ ನೋಡಿದಳು. ಅಡುಗೆಮನೆಯಲ್ಲಿ ನರಸಿಂಹಯ್ಯ, ಅವನ ಹೆಂಡತಿ, ಮಕ್ಕಳು ಸಾಲಾಗಿ ಕೂತಿದ್ದರು. ಅವರ ಪಕ್ಕ ಇನ್ನೊಂದು ತಟ್ಟೆ ಹಾಕಿತ್ತು, ಅದು ಅಕ್ಕನದು.

"ಮೆತ್ತಗೆ ಮಾತಾಡೋ" ಎಂದಳು. "ಅವರು ಊಟಕ್ಕೆ ಕೂತಿದ್ದಾರೆ."